ನನ್ನ ಐದು ತಳಿ, ಅಪ್ಪನ ಒಂದು ಬೆಳೆ

2023ರ ಜುಲೈ ನೆನಪಿದೆಯಾ? ಟೊಮೆಟೊ ಕೆ.ಜಿ.ಗೆ ನೂರು ದಾಟಿ, ವಾಟ್ಸ್ಆ್ಯಪ್ ತುಂಬಾ ಟೊಮೆಟೊ ಜೋಕುಗಳೇ ಓಡಾಡುತ್ತಿದ್ದ ತಿಂಗಳು. ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ. ಬಾಕ್ಸ್ ಒಂದಕ್ಕೆ ಎರಡು ಸಾವಿರ ರೂಪಾಯಿ ದಾಟಿತ್ತು. ನಮ್ಮ ಕೋಣನಕುಂಟೆಯ ಬೀದಿಯಲ್ಲಿ ತಳ್ಳುಗಾಡಿಯವರು ಟೊಮೆಟೊವನ್ನು ಮುಂದೆ ಇಡೋದು ಬಿಟ್ಟು ತಮ್ಮ ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದರು.

ಆಗಲೇ ನನಗೂ ಆ ಐಡಿಯಾ ಬಂದದ್ದು. ಬಾಡಿಗೆ ಮನೆಯಾದರೂ ಮೇಲೆ ಟೆರೇಸ್ ಇದೆ, ಓನರ್ ಒಳ್ಳೆಯವರು, ಬೆಳಗ್ಗೆಯಿಂದ ಸಂಜೆ ನಾಲ್ಕರವರೆಗೆ ಬಿಸಿಲು. ನಾನು ಸಾಫ್ಟ್‌ವೇರ್ ಎಂಜಿನಿಯರ್. ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ. ಹತ್ತು ಗ್ರೋ ಬ್ಯಾಗ್, ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ, ಕೋಕೋಪಿಟ್ ತರಿಸಿದೆ. ಬೀಜ ಆನ್‌ಲೈನ್‌ನಲ್ಲಿ. ಕಪ್ಪು ಟೊಮೆಟೊ, ಹಳದಿ ಟೊಮೆಟೊ, ಚೆರ್ರಿ... ಫೋಟೊ ನೋಡಿಯೇ ಆರ್ಡರ್ ಮಾಡಿದ್ದು. ಎಕ್ಸೆಲ್ ಶೀಟ್ ಕೂಡ ರೆಡಿ ಮಾಡಿದೆ.

ಅಪ್ಪ ಮಾತ್ರ ಒಂದು ಮಾತೂ ಆಡಲಿಲ್ಲ.

ಅಪ್ಪ ಅಮ್ಮ ಆ ವರ್ಷವೇ ಊರಿನಿಂದ ನಮ್ಮ ಮನೆಗೆ ಬಂದಿದ್ದರು. ಊರು ಅಂದರೆ ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿ. ಅಪ್ಪನ ಮೊಣಕಾಲಿನ ಆಪರೇಷನ್ ಆಗಿತ್ತು. ದಿನಾ ಮೆಟ್ಟಿಲು ಹತ್ತಿ ಇಳಿಯಬೇಕು ಅಂತ ಡಾಕ್ಟರ್ ಹೇಳಿದ್ದರು. ಕೆಳಗೆ ಹೋಗಿ ಗೇಟಿನ ಹತ್ತಿರ ನಿಂತು ಬರುತ್ತಿದ್ದರು. ಮೇಲೆ ಟೆರೇಸಿಗೆ ಮಾತ್ರ ಒಂದು ದಿನವೂ ಹತ್ತಲಿಲ್ಲ. "ಬಾ ಅಪ್ಪಾ, ಸಸಿ ಎಷ್ಟು ಚೆನ್ನಾಗಿ ಬಂದಿದೆ ನೋಡು" ಅಂದರೆ, "ನೋಡಿದೀನಿ ಬಿಡು ಟಮೋಟ ಗಿಡಾನ" ಅನ್ನೋರು.

ಯಾಕೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಅದರ ಬಗ್ಗೆ ಯೋಚಿಸಿರಲಿಲ್ಲ.

ಮುಟುರು

ಆಗಸ್ಟ್ ಎರಡನೇ ವಾರ. ಗಿಡಗಳು ಮೊಣಕಾಲೆತ್ತರ ಬಂದಿದ್ದವು. ಒಂದು ಬೆಳಗ್ಗೆ ನೋಡುತ್ತೇನೆ, ಕಪ್ಪು ಟೊಮೆಟೊ ಗಿಡದ ತುದಿ ಎಲೆಗಳು ಮೇಲಕ್ಕೆ ಮಡಚಿಕೊಂಡು ದೋಣಿ ಥರ ಆಗಿವೆ. ಅಂಚು ಹಳದಿ. ನೀರು ಕಮ್ಮಿ ಆಯ್ತೇನೋ ಅಂದುಕೊಂಡು ಇನ್ನೆರಡು ಮಗ್ ಹಾಕಿದೆ. ಮೂರು ದಿನಕ್ಕೆ ಪಕ್ಕದ ಗಿಡ. ವಾರಕ್ಕೆ ಆರು ಗಿಡ. ಯೂಟ್ಯೂಬ್‌ನಲ್ಲಿ ಒಬ್ಬರು ಎಪ್ಸಮ್ ಸಾಲ್ಟ್ ಅಂದರು, ಇನ್ನೊಬ್ಬರು ಹುಳಿ ಮಜ್ಜಿಗೆ ಅಂದರು. ಎರಡೂ ಹಾಕಿದೆ.

ಕೊನೆಗೆ ಫೋನಿನಲ್ಲಿ ಫೋಟೊ ತೆಗೆದು ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಳ್ಳಲಿಲ್ಲ. ದೂರದಿಂದಲೇ ನೋಡಿ, "ಮುಟುರು ಕಣೋ. ಕಿತ್ತಾಕು" ಅಂದರು. "ಔಷಧಿ ಏನಾದ್ರೂ..." ಅಂತ ನಾನು ಶುರು ಮಾಡಿದ್ದಷ್ಟೇ. ಅಪ್ಪ ಎದ್ದು, ಗೋಡೆ ಹಿಡಿದುಕೊಂಡು, ಮೊದಲ ಸಲ ಟೆರೇಸಿನ ಮೆಟ್ಟಿಲು ಹತ್ತಿದರು. ಒಂದೊಂದೇ ಗಿಡದ ಎಲೆ ತಿರುಗಿಸಿ ಕೆಳಭಾಗ ನೋಡಿದರು. ಬೆರಳಿನಿಂದ ತಟ್ಟಿದರೆ ಸೂಜಿಮೊನೆಯಷ್ಟು ಸಣ್ಣ ಬಿಳಿ ನೊಣಗಳು ಹಾರಿದವು. "ಇವೇ" ಅಂದರು. ಏಳು ಗಿಡ ತಾವೇ ಕಿತ್ತು, ಒಂದು ಕವರಿನಲ್ಲಿ ತುಂಬಿ, ಬಿಗಿಯಾಗಿ ಗಂಟು ಹಾಕಿ ಕೆಳಗೆ ಇಳಿದರು. ಇಳಿಯುವಾಗಲೂ ಮಾತಿಲ್ಲ.

ಎಲೆ ಮುಟುರು ರೋಗ ತರುವುದು ಒಂದು ವೈರಸ್. ಅದನ್ನು ಗಿಡದಿಂದ ಗಿಡಕ್ಕೆ ಹೊತ್ತೊಯ್ಯುವುದು ಬಿಳಿ ನೊಣ. ಒಮ್ಮೆ ಗಿಡದೊಳಗೆ ಹೊಕ್ಕಿತೆಂದರೆ ವಾಸಿ ಮಾಡುವ ಔಷಧಿ ಇಲ್ಲ. ನೊಣಕ್ಕೆ ಔಷಧಿ ಹೊಡೆಯಬಹುದು, ವೈರಸ್‌ಗೆ ಅಲ್ಲ. ಸಸಿ ಚಿಕ್ಕದಿರುವಾಗಲೇ ಅಂಟಿದರೆ ಗಿಡ ಕುಳ್ಳಾಗಿ, ಪೊದೆಯಾಗಿ, ಹೂ ಬಿಟ್ಟರೂ ಕಾಯಿ ಕಟ್ಟುವುದಿಲ್ಲ. ಇಷ್ಟನ್ನು ನಾನು ಆ ರಾತ್ರಿ ಓದಿ ತಿಳಿದುಕೊಂಡೆ. ಅಪ್ಪ ತಿಳಿದುಕೊಂಡದ್ದು 2009ರಲ್ಲಿ.

ನಾನಾಗ ಒಂಬತ್ತನೇ ಕ್ಲಾಸು. ಅಪ್ಪ ಶಿವರಾತ್ರಿ ಹೊತ್ತಿಗೆ ಒಂದೂವರೆ ಎಕರೆಗೆ ಟೊಮೆಟೊ ನಾಟಿ ಮಾಡಿದ್ದರು. ಬೇಸಿಗೆ ಬೆಳೆಗೆ ರೇಟು ಸಿಗುತ್ತೆ ಅಂತ. ಅಮ್ಮನ ಸರ ಅಡವಿಟ್ಟು ಗೊಬ್ಬರ, ನೀಲಗಿರಿ ಕಡ್ಡಿ, ದಾರ ಎಲ್ಲಾ ತಂದಿದ್ದರು. ಬೇಸಿಗೆಯಲ್ಲೇ ಬಿಳಿ ನೊಣದ ಕಾಟ ಜೋರು. ಯುಗಾದಿ ಕಳೆಯುವಷ್ಟರಲ್ಲಿ ತುದಿಗಳು ಮುದುರಲು ಶುರುವಾದವು. ನಾಲ್ಕು ದಿನಕ್ಕೊಮ್ಮೆ ಔಷಧಿ ಹೊಡೆದರು. ಸ್ಕೂಲಿಂದ ಬಂದರೆ ಮನೆಯೆಲ್ಲಾ ಅದೇ ವಾಸನೆ. ಕಡೆಗೆ ಒಂದು ಭಾನುವಾರ ಇಡೀ ಹೊಲ ಕಿತ್ತು ಗುಡ್ಡೆ ಹಾಕಿ ಬೆಂಕಿ ಇಟ್ಟೆವು. ನಾನೂ ಕಿತ್ತಿದ್ದೇನೆ. ನೀಲಗಿರಿ ಕಡ್ಡಿಗಳನ್ನು ಮನೆ ಹಿಂದೆ ಜೋಡಿಸಿದರು. ಎರಡು ವರ್ಷ ನಮ್ಮ ಒಲೆಗೆ ಅವೇ ಸೌದೆ. ಆಮೇಲೆ ಅಪ್ಪ ಟೊಮೆಟೊ ಮುಟ್ಟಲೇ ಇಲ್ಲ. ರಾಗಿ ಹಾಕಿದರು, ಎರಡು ಸೀಮೆ ಹಸು ಕಟ್ಟಿದರು. ನನ್ನ ಎಂಜಿನಿಯರಿಂಗ್ ಫೀಸು ಹಾಲಿನ ದುಡ್ಡು.

ಎರಡನೇ ಸೀಸನ್: ಫೋಟೊ ನೋಡಿ ಅಲ್ಲ

ನವೆಂಬರ್‌ನಲ್ಲಿ ಮತ್ತೆ ಶುರು ಮಾಡಿದೆ. ಈ ಸಲ ತಳಿ ಆರಿಸುವ ಮುಂಚೆ ಓದಿಕೊಂಡೆ.

ನಮ್ಮ ಬೆಂಗಳೂರಿನಲ್ಲೇ, ಹೆಸರಘಟ್ಟದಲ್ಲಿ, ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇದೆ. 'ಅರ್ಕಾ' ಅಂತ ಶುರುವಾಗುವ ತಳಿಗಳೆಲ್ಲಾ ಅವರದ್ದೇ. ಅದರಲ್ಲಿ 'ಅರ್ಕಾ ರಕ್ಷಕ್' ಅನ್ನುವ ಹೈಬ್ರಿಡ್ ಅನ್ನು ವಿಜ್ಞಾನಿ ಎ.ಟಿ. ಸದಾಶಿವ ಅವರ ತಂಡ ಅಭಿವೃದ್ಧಿಪಡಿಸಿತು. ಎಲೆ ಮುಟುರು, ದುಂಡಾಣು ಸೊರಗು ರೋಗ, ಎಲೆಗಳ ಮೇಲೆ ಕಂದು ಮಚ್ಚೆ ತರುವ ಅಂಗಮಾರಿ, ಈ ಮೂರನ್ನೂ ತಡೆದುಕೊಳ್ಳುವ ತಳಿ ಅದು. ಹಣ್ಣು ಒಂದೊಂದು 90-100 ಗ್ರಾಂ. ಆಮೇಲೆ ಬಂದ 'ಅರ್ಕಾ ಅಭೇದ್' ಇನ್ನೊಂದು ಬಗೆಯ ಅಂಗಮಾರಿಯನ್ನೂ ಸೇರಿಸಿ ನಾಲ್ಕನ್ನು ತಡೆಯುತ್ತೆ. 'ಅರ್ಕಾ ವಿಕಾಸ್' ಹಳೆಯ ತಳಿ, ಹೈಬ್ರಿಡ್ ಅಲ್ಲ, ನೀರು ಸ್ವಲ್ಪ ಕಮ್ಮಿಯಾದರೂ ಸುಧಾರಿಸಿಕೊಳ್ಳುತ್ತೆ.

ಹೈಬ್ರಿಡ್ ಹೌದೋ ಅಲ್ಲವೋ ಅನ್ನುವುದು ನಮ್ಮಂಥವರಿಗೆ ಯಾಕೆ ಮುಖ್ಯ ಅಂದರೆ ಬೀಜಕ್ಕೆ. ಹೈಬ್ರಿಡ್ ಅಂದರೆ ಎರಡು ಬೇರೆ ಬೇರೆ ತಳಿಗಳನ್ನು ಕೂಡಿಸಿ ಪಡೆದ ಮೊದಲ ಪೀಳಿಗೆ. ಅದರ ಹಣ್ಣಿನ ಬೀಜ ಹಾಕಿದರೆ ಮೊಳೆಯುತ್ತೆ, ಆದರೆ ಮಕ್ಕಳೆಲ್ಲಾ ಒಂದೇ ಥರ ಇರಲ್ಲ. ಒಂದು ಅಜ್ಜನ ಥರ, ಇನ್ನೊಂದು ಅಜ್ಜಿಯ ಥರ. ರೋಗ ತಡೆಯುವ ಗುಣ ಎಲ್ಲದಕ್ಕೂ ಬರುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಹೈಬ್ರಿಡ್ ಅಲ್ಲದ ತಳಿಯಾದರೆ ನಿಮ್ಮ ಹಣ್ಣಿನ ಬೀಜವನ್ನೇ ಮುಂದಿನ ಸಲ ಹಾಕಬಹುದು.

ಹೀಗಾಗಿ ಈ ಸಲದ ಪಟ್ಟಿ: ಅರ್ಕಾ ರಕ್ಷಕ್ ಮೂರು ಗಿಡ, ಅರ್ಕಾ ವಿಕಾಸ್ ಮೂರು, ಮಾರ್ಕೆಟ್‌ನಿಂದ ತಂದ ನಾಟಿ ಟೊಮೆಟೊದ ಬೀಜದ್ದು ಎರಡು, ಕೆಂಪು ಚೆರ್ರಿ ಒಂದು. ಮತ್ತೆ ಹಟಕ್ಕೆ, ಉಳಿದಿದ್ದ ಕಪ್ಪು ಟೊಮೆಟೊ ಬೀಜದ್ದು ಒಂದು. ಅದರ ಹೆಸರು 'ಬ್ಲ್ಯಾಕ್ ಕ್ರಿಮ್'. ಕಪ್ಪು ಸಮುದ್ರದ ಕ್ರೈಮಿಯಾ ಕಡೆಯದು.

ಅಪ್ಪ ಈ ಸಲ ಮೇಲೆ ಬಂದರು. ಬಂದು ತಪ್ಪು ಹುಡುಕಲು ಶುರು ಮಾಡಿದರು. "ಸಸೀನ ಬಯಲಲ್ಲಿ ಇಟ್ಟಿದೀಯ, ನೊಣಕ್ಕೆ ಊಟ ಬಡಿಸಿದ ಹಾಗೆ" ಅಂತ ಅಮ್ಮನ ಹಳೆಯ ಸೊಳ್ಳೆ ಪರದೆ ಕತ್ತರಿಸಿ ಸಸಿ ಟ್ರೇಗೆ ಹೊದಿಸಿದರು. ಅದು ಸಾಲದು, ನೊಣ ನುಸುಳುತ್ತೆ ಅಂತ ನಾನು ಇನ್ನೂ ಸಣ್ಣ ಕಣ್ಣಿನ ನೆಟ್ ತರಿಸಿದೆ. ನಾಟಿ ಮಾಡುವಾಗ ಕಾಂಡದ ಅರ್ಧ ಮಣ್ಣೊಳಗೆ ಹೋಗುವಂತೆ ಆಳಕ್ಕೆ ಇಡಿಸಿದರು. ಟೊಮೆಟೊ ಕಾಂಡ ಮಣ್ಣಿಗೆ ತಾಗಿದ ಕಡೆಯೆಲ್ಲಾ ಬೇರು ಬಿಡುತ್ತೆ. ಹಳದಿ ಅಂಟು ಹಾಳೆ ನೇತು ಹಾಕುವುದು ನನ್ನ ಐಡಿಯಾ. ವಾರದಲ್ಲಿ ಅದರ ತುಂಬಾ ಬಿಳಿ ನೊಣ ಅಂಟಿದ್ದು ನೋಡಿ ಅಪ್ಪ, "ಎಷ್ಟು ಇದಕ್ಕೆ?" ಅಂತ ಕೇಳಿದರು. ಅಪ್ಪನ ಬಾಯಲ್ಲಿ ಅದು ಮೆಚ್ಚುಗೆ.

"ಆಗ ಇದು ಇದ್ದಿದ್ರೆ"

ಜನವರಿ ಕೊನೆಗೆ ಬ್ಲ್ಯಾಕ್ ಕ್ರಿಮ್ ಮತ್ತೆ ಮುದುರಿತು. ಅದರ ಪಕ್ಕದಲ್ಲೇ, ಎಲೆ ತಾಗುವಷ್ಟು ಹತ್ತಿರ, ರಕ್ಷಕ್ ಇತ್ತು. ಹಸಿರಾಗಿ, ನೆಟ್ಟಗೆ, ಗೊಂಚಲು ಗೊಂಚಲು ಕಾಯಿ. ಅದೇ ಗಾಳಿ, ಅದೇ ನೊಣ.

ಅಪ್ಪ ಎರಡರ ಮಧ್ಯೆ ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು ಕೂತರು. ತುಂಬಾ ಹೊತ್ತು ಕೂತಿದ್ದರು. ನಾನು ಲ್ಯಾಪ್‌ಟಾಪ್ ಹಿಡಿದು ಮೀಟಿಂಗ್‌ನಲ್ಲಿದ್ದೆ, ಮ್ಯೂಟ್‌ನಲ್ಲಿ.

"ಆಗ ಇದು ಇದ್ದಿದ್ರೆ" ಅಂದರು.

ನಾನು ಓದಿಕೊಂಡಿದ್ದನ್ನು ಹೇಳಬಾರದಿತ್ತೇನೋ. ಹೇಳಿಬಿಟ್ಟೆ. ರಕ್ಷಕ್ ಇರಲಿಲ್ಲ, ಆದರೆ ಮುಟುರು ತಡೆಯುವ ತಳಿ ಆಗಲೇ ಇತ್ತು ಅಪ್ಪಾ. ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ವಿ. ಮುನಿಯಪ್ಪ ಅವರ ತಂಡ 2000ದ ದಶಕದ ಆರಂಭದಲ್ಲೇ ನಂದಿ, ಸಂಕ್ರಾಂತಿ, ವೈಭವ್ ಅಂತ ಮೂರು ತಳಿ ಹೊರತಂದಿತ್ತು. ಹೈಬ್ರಿಡ್ ಕೂಡ ಅಲ್ಲ, ಬೀಜ ಮನೆಯಲ್ಲೇ ಇಟ್ಟುಕೊಳ್ಳಬಹುದಿತ್ತು.

ಅಪ್ಪ ಬೇಜಾರು ಮಾಡಿಕೊಳ್ಳುತ್ತಾರೆ ಅಂದುಕೊಂಡೆ. ಅವರು ನಕ್ಕರು.

"ಇತ್ತು ಅಂತ ಗೊತ್ತಿದ್ರೂ ಹಾಕ್ತಿರಲಿಲ್ಲ ಕಣೋ. ಬೀಜದ ಅಂಗಡಿಯೋನು ಸಾಲಕ್ಕೆ ಕೊಡೋದು ಅವನ ಹತ್ರ ಇರೋ ಬೀಜಾನ. ಮಂಡಿಯಲ್ಲಿ ತಗೊಳ್ಳೋದು ಅವರಿಗೆ ಗೊತ್ತಿರೋ ಹಣ್ಣನ್ನ. ದಪ್ಪ ಸಿಪ್ಪೆ ಇರಬೇಕು, ಲಾರಿಯಲ್ಲಿ ಎರಡು ದಿನ ಕೂತರೂ ಒಡೀಬಾರದು. ಯಾರೂ ನೋಡದೆ ಇರೋ ಹಣ್ಣನ್ನ ಒಂದೂವರೆ ಎಕರೆಗೆ ಹಾಕೋಕಾಗುತ್ತಾ? ನಿನ್ನ ಚೀಲದಲ್ಲಿ ಒಂದು ಹೋದ್ರೆ ಇನ್ನೊಂಬತ್ತು ಇದೆ. ನಮ್ದು ಹೋದ್ರೆ ವರ್ಷ ಹೋಯ್ತು."

ಆಫೀಸಿನಲ್ಲಿ ನಾವು ಹೊಸ ಕೋಡ್ ಬರೆದರೆ ಒಂದೇ ಸಲ ಎಲ್ಲರಿಗೂ ಬಿಡುವುದಿಲ್ಲ. ಮೊದಲು ನೂರಕ್ಕೆ ಒಬ್ಬ ಬಳಕೆದಾರನಿಗೆ, ಆಮೇಲೆ ಹತ್ತು ಜನಕ್ಕೆ. ಎಡವಟ್ಟಾದರೆ ಎರಡು ನಿಮಿಷದಲ್ಲಿ ರೋಲ್‌ಬ್ಯಾಕ್. ಅದನ್ನೇ ನಾವು 'ಪ್ರಯೋಗ' ಅಂತ ದೊಡ್ಡದಾಗಿ ಹೇಳಿಕೊಳ್ಳುತ್ತೇವೆ. ಅಪ್ಪನಿಗೆ ರೋಲ್‌ಬ್ಯಾಕ್ ಇರಲಿಲ್ಲ. ಹದಿನಾಲ್ಕು ವರ್ಷ ಆ ಬೆಳೆ ಹೋದದ್ದು ತಮ್ಮ ತಪ್ಪು ಅಂತಲೇ ಅವರು ಅಂದುಕೊಂಡಿದ್ದರು. ಔಷಧಿ ಒಂದು ದಿನ ಮುಂಚೆ ಹೊಡೆದಿದ್ದರೆ ಉಳಿಯುತ್ತಿತ್ತೇನೋ ಅಂತ. ಉಳಿಯುತ್ತಿರಲಿಲ್ಲ ಅನ್ನುವುದು ಆ ಸ್ಟೂಲ್ ಮೇಲೆ ಕೂತಾಗ ಅವರಿಗೆ ಗೊತ್ತಾಯಿತು ಅಂತ ನನ್ನ ಅಂದಾಜು. ಅಪ್ಪ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಮರುದಿನದಿಂದ ಬೆಳಗ್ಗೆ ಕಾಫಿ ಲೋಟ ಹಿಡಿದು ಮೇಲೆ ಹೋಗತೊಡಗಿದರು.

ಮಾರ್ಚ್, ನೀರು

ಹಣ್ಣು ಬಿಡುವ ಹೊತ್ತಿಗೆ 2024ರ ಮಾರ್ಚ್ ಬಂತು. ನೀರಿನ ಬರ. ನಮ್ಮ ಬಿಲ್ಡಿಂಗ್‌ನ ಬೋರ್‌ವೆಲ್ ಕೈಕೊಟ್ಟಿತು, ಟ್ಯಾಂಕರಿಗೆ ಕಾಯುವ ಕಾಲ. ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ, ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತು. ಹತ್ತು ಚೀಲಕ್ಕೆ ದಿನಕ್ಕೆ 20 ಲೀಟರ್ ಬೇಕಿತ್ತು.

ಅಮ್ಮ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಬಕೆಟ್ಟಿನಲ್ಲಿ ಕೂಡಿಟ್ಟರು. ಎಂಟೊಂಬತ್ತು ಲೀಟರ್ ಆಗುತ್ತಿತ್ತು. ಉಳಿದದ್ದಕ್ಕೆ ಅಪ್ಪನ ಉಪಾಯ: ಎಳನೀರಿನವರ ಹತ್ತಿರ ಬಿದ್ದಿದ್ದ ಬುರುಡೆ ತಂದು, ನಾರು ಬಿಡಿಸಿ, ಚೀಲದ ಮಣ್ಣಿನ ಮೇಲೆ ದಪ್ಪಗೆ ಹೊದಿಸಿದ್ದು. ಮಣ್ಣು ಎರಡು ದಿನ ಒದ್ದೆ ಇರುತ್ತಿತ್ತು. ಆದರೂ ವಿಕಾಸ್‌ನ ಕೆಲವು ಹಣ್ಣಿನ ತಳ ಕಪ್ಪಾಗಿ ಚಪ್ಪಟೆಯಾಯಿತು. ಇದು ರೋಗ ಅಲ್ಲ. ನೀರು ಒಂದು ದಿನ ಇದ್ದು ಎರಡು ದಿನ ಇಲ್ಲದಿದ್ದರೆ ಗಿಡಕ್ಕೆ ಸುಣ್ಣದ ಅಂಶ ಹಣ್ಣಿನ ತುದಿಯವರೆಗೆ ಸಾಗಿಸಲು ಆಗಲ್ಲ. ಸ್ವಲ್ಪವೇ ಆದರೂ ದಿನಾ ಒಂದೇ ಹೊತ್ತಿಗೆ ಕೊಡಬೇಕು. ಹಾಗೆ ಮಾಡಿದ ಮೇಲೆ ಹೊಸ ಹಣ್ಣು ಸರಿಹೋದವು. ತಿಂಗಳ ಕೊನೆಯ ಸೆಕೆಗೆ ದೊಡ್ಡ ಹಣ್ಣಿನ ಗಿಡಗಳು ಹೂ ಉದುರಿಸಿದವು. ಚೆರ್ರಿ ಮಾತ್ರ ಕ್ಯಾರೇ ಅನ್ನದೆ ಬಿಡುತ್ತಲೇ ಹೋಯಿತು.

ಲೆಕ್ಕ ಮತ್ತು ಸಾರು

ಎಕ್ಸೆಲ್ ಶೀಟ್ ಏನು ಹೇಳಿತು ಅಂದರೆ:

ಅರ್ಕಾ ರಕ್ಷಕ್, ಮೂರು ಗಿಡ: 5.2 ಕೆ.ಜಿ.
ಅರ್ಕಾ ವಿಕಾಸ್, ಮೂರು ಗಿಡ: 3.8 ಕೆ.ಜಿ.
ಚೆರ್ರಿ, ಒಂದೇ ಗಿಡ: 2.1 ಕೆ.ಜಿ.
ನಾಟಿ, ಎರಡು ಗಿಡ: 1.9 ಕೆ.ಜಿ.
ಬ್ಲ್ಯಾಕ್ ಕ್ರಿಮ್, ಒಂದು ಗಿಡ: ಮೂರು ಹಣ್ಣು, 600 ಗ್ರಾಂ. ಅದೂ ಮುದುರುವ ಮುಂಚೆ ಕಟ್ಟಿದ ಕಾಯಿಗಳು.

ಒಟ್ಟು 13.6 ಕೆ.ಜಿ. ನಾನು ಮಾಡಿದ ಖರ್ಚು 4,350 ರೂಪಾಯಿ. ಕೆ.ಜಿ.ಗೆ 320 ರೂಪಾಯಿ ಬಿತ್ತು! ಜುಲೈ ರೇಟೇ ವಾಸಿ ಇತ್ತು. ಚೀಲ, ಮಣ್ಣು ಮುಂದಿನ ಸಲಕ್ಕೂ ಬರುತ್ತೆ ಅಂತ ನಾನು ಸಮರ್ಥಿಸಿಕೊಂಡೆ. ಹೆಂಡತಿ ಒಪ್ಪಲಿಲ್ಲ.

ಒಂದು ಭಾನುವಾರ ಅಮ್ಮ ನಾಲ್ಕು ಪುಟ್ಟ ಪಾತ್ರೆಯಲ್ಲಿ ನಾಲ್ಕು ಗೊಜ್ಜು ಮಾಡಿದರು. ಯಾವುದು ಯಾವುದು ಅಂತ ಹೇಳದೆ ಮುದ್ದೆ ಜೊತೆ ಬಡಿಸಿದರು. ಎಲ್ಲರ ಬೆರಳೂ ನಾಟಿಯ ಕಡೆಗೇ. ಆ ಹುಳಿ ಬೇರೆ ಯಾವುದಕ್ಕೂ ಇಲ್ಲ. ರಕ್ಷಕ್ ಗೊಜ್ಜಿಗೆ ಅಮ್ಮ ಹುಣಸೆಹಣ್ಣು ಬೇಕು ಅಂದರು. ಆದರೆ ಪಲ್ಯಕ್ಕೆ, ಸಲಾಡ್‌ಗೆ ರಕ್ಷಕ್ಕೇ ಸರಿ. ಗಟ್ಟಿ, ಹತ್ತು ದಿನ ಹೊರಗಿಟ್ಟರೂ ಕೆಡಲಿಲ್ಲ. ಚೆರ್ರಿ ಅಡುಗೆಮನೆಗೆ ಬಂದದ್ದೇ ಕಮ್ಮಿ. ನಾಲ್ಕು ವರ್ಷದ ಮಗಳು ಗಿಡದಲ್ಲೇ ಮುಗಿಸುತ್ತಿದ್ದಳು. ಬ್ಲ್ಯಾಕ್ ಕ್ರಿಮ್ ಹೆಚ್ಚಿಟ್ಟಾಗ ಅಮ್ಮ ಅಂದದ್ದು: "ಇದ್ಯಾಕೋ ಕೆಟ್ಟೋದಂಗಿದೆ ಬಣ್ಣ." ರುಚಿ ಚೆನ್ನಾಗಿತ್ತು, ಆದರೆ ನನ್ನ ಜೊತೆ ಒಪ್ಪಿದವರು ಯಾರೂ ಇಲ್ಲ.

ನೀವು ಶುರು ಮಾಡುವುದಾದರೆ

ಮೊದಲ ಸಲವೇ ಬಣ್ಣಬಣ್ಣದ ವಿದೇಶಿ ತಳಿ ಬೇಡ. ಒಂದು ರೋಗ ತಡೆಯುವ ತಳಿ, ಒಂದು ಸಾರಿಗಾಗುವ ನಾಟಿ, ಮನೆಯಲ್ಲಿ ಮಕ್ಕಳಿದ್ದರೆ ಒಂದು ಚೆರ್ರಿ. ಅಷ್ಟು ಸಾಕು. ಆಮೇಲೆ ಒಂದು ಚೀಲ ಹುಚ್ಚಾಟಕ್ಕೆ ಇಟ್ಟುಕೊಳ್ಳಿ.

ಬೆಂಗಳೂರಿನಲ್ಲಿ ಟೆರೇಸಿಗೆ ಅಕ್ಟೋಬರ್-ನವೆಂಬರ್ ಬಿತ್ತನೆ ನನಗೆ ಜೂನ್‌ಗಿಂತ ಚೆನ್ನಾಗಿ ಒದಗಿತು. ಸಸಿಗೆ ನೆಟ್ ಹೊದಿಸುವುದನ್ನು ಮರೆಯಬೇಡಿ. ಬೆಳಗ್ಗೆ ಹತ್ತರ ಸುಮಾರಿಗೆ ಹೂಗೊಂಚಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಟೊಮೆಟೊ ಹೂವಿಗೆ ತನ್ನದೇ ಪರಾಗ ಸಾಕು, ಅದು ಉದುರಬೇಕಷ್ಟೇ. ತುದಿ ಮುದುರಿದ ಗಿಡವನ್ನು ಉಳಿಸಲು ಹೋಗಬೇಡಿ. ಮುಚ್ಚಿದ ಕವರಿನಲ್ಲಿ ಹಾಕಿ ಸಾಗಿಸಿ, ಉಳಿದವಾದರೂ ಬದುಕುತ್ತವೆ.

ಬೀಜ ಇಡುವುದಾದರೆ ಹೈಬ್ರಿಡ್ ಅಲ್ಲದ ತಳಿಯ, ರೋಗ ಇಲ್ಲದ ಗಿಡದ ಚೆನ್ನಾಗಿ ಮಾಗಿದ ಹಣ್ಣು ಆರಿಸಿ. ತಿರುಳನ್ನು ಲೋಟದಲ್ಲಿ ಎರಡು ಮೂರು ದಿನ ಹುಳಿಯಲು ಬಿಟ್ಟರೆ ಬೀಜದ ಮೇಲಿನ ಲೋಳೆ ಬಿಡುತ್ತೆ. ತೊಳೆದು ನೆರಳಿನಲ್ಲಿ ಒಣಗಿಸಿ ಕಾಗದದ ಪೊಟ್ಟಣದಲ್ಲಿಡಿ. ಪೊಟ್ಟಣದ ಮೇಲೆ ಹೆಸರು ಬರೆಯಿರಿ. ನಾನು ಬರೆಯದೆ ಎರಡು ಪೊಟ್ಟಣ ಅದಲುಬದಲಾಗಿದೆ.

ಹೋದ ಮೇ ತಿಂಗಳಲ್ಲಿ ಊರಿಂದ ಚಿಕ್ಕಪ್ಪನ ಮಗ ಬಂದಿದ್ದ. ನಮ್ಮ ಹೊಲವನ್ನು ಈಗ ಅವನೇ ಮಾಡುತ್ತಿರುವುದು. ಈ ಸಲ ಟೊಮೆಟೊ ಹಾಕೋಣ ಅಂತಿದೀನಿ ದೊಡ್ಡಪ್ಪಾ ಅಂದ. ಅಪ್ಪ ಬೇಡ ಅನ್ನಲಿಲ್ಲ. ಅವನನ್ನು ಟೆರೇಸಿಗೆ ಕರೆದುಕೊಂಡು ಹೋಗಿ, ಒಣಗುತ್ತಾ ಬಂದಿದ್ದ ರಕ್ಷಕ್ ಗಿಡಗಳನ್ನು ತೋರಿಸಿದರು. ನನ್ನ ಕೈಲಿ ಹೆಸರಘಟ್ಟದವರ ಬೀಜದ ಎರಡು ಪ್ಯಾಕೆಟ್ ತರಿಸಿದ್ದರು. ಅವನ್ನು ಅವನ ಜೇಬಿಗೆ ತುರುಕುತ್ತಾ ಹೇಳಿದ್ದು ಇಷ್ಟು:

"ಪೂರ್ತಿ ಹಾಕ್ಬೇಡ. ಬದುವಿನ ಪಕ್ಕ ನಾಲ್ಕು ಸಾಲು ಹಾಕು. ಹೋದ್ರೆ ಅಷ್ಟೇ ಹೋಗ್ಲಿ. ಬೀಜದ ದುಡ್ಡು ನಂದು."